ಹಳೇ ಸಿನಿಮಾ, ಹೊಸ ಸಿನಿಮಾ: ಬೇಸರ ಬಂದರೆ ತಪ್ಪು ಯಾರದು?

ಈ ಸಲದ ಪ್ರಶ್ನೆಗಳೆಲ್ಲ ಬಿಡುವಾದಾಗ ಮನೆಯಲ್ಲಿ ಕೂತು ಸಿನಿಮಾ ನೋಡುವವರಿಂದ ಬಂದವು. ಹಿಡಿಸಲಿಲ್ಲ ಎನ್ನಲು ಯಾರ ಅಪ್ಪಣೆಯೂ ಬೇಡ. ಆದರೆ ಬೇಸರ ತರಿಸಿದ್ದು ಸಿನಿಮಾವೋ, ಕೆಟ್ಟ ಪ್ರಿಂಟೋ, ಟಿವಿಯ ಸೆಟ್ಟಿಂಗೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಬಂದ ದೂರುಗಳಲ್ಲಿ ಅರ್ಧಕ್ಕರ್ಧ ನಿರ್ದೇಶಕರ ಮೇಲೆ ಹೊರಿಸುವಂಥವೇ ಅಲ್ಲ.

ಪ್ರಶ್ನೆ: ಎಲ್ಲರೂ ಹೊಗಳುವ ಹಳೇ ಸಿನಿಮಾ ಹಾಕಿಕೊಂಡು ಕೂತರೆ ಅರ್ಧ ಗಂಟೆಗೇ ಆಕಳಿಕೆ ಶುರು. ಸಿನಿಮಾ ನಿಜಕ್ಕೂ ನಿಧಾನವೇ, ಅಥವಾ ನನಗೇ ತಾಳ್ಮೆ ಕಮ್ಮಿಯಾಗಿದೆಯೇ?

ಉತ್ತರ: ಎರಡೂ ಇರಬಹುದು. 1930ರಿಂದ 1960ರವರೆಗಿನ ಹಾಲಿವುಡ್ ಚಿತ್ರಗಳಲ್ಲಿ ಒಂದು ಶಾಟ್ (ಒಂದು ಕಟ್‌ನಿಂದ ಮುಂದಿನ ಕಟ್ ತನಕದ ತುಣುಕು) ಸರಾಸರಿ 8ರಿಂದ 11 ಸೆಕೆಂಡ್ ನಿಲ್ಲುತ್ತಿತ್ತು. 1990ರ ದಶಕದ ಕೊನೆಗೆ ಅದು 3ರಿಂದ 6 ಸೆಕೆಂಡಿಗೆ ಇಳಿದಿತ್ತು. ಆ ವೇಗಕ್ಕೆ ಕಣ್ಣು ಒಗ್ಗಿಹೋದರೆ ಹತ್ತು ಸೆಕೆಂಡಿನ ಶಾಟ್ ಭಾರವೆನಿಸುವುದು ಸಹಜ. ನೀವೇ ಅಳೆದು ನೋಡಬಹುದು. ಹಾಡು, ಹೊಡೆದಾಟ ಇಲ್ಲದ ಐದು ನಿಮಿಷದ ಭಾಗ ಆರಿಸಿಕೊಂಡು, ದೃಶ್ಯ ಕಟ್ ಆದಾಗಲೆಲ್ಲ ಒಂದು ಗೀಟು ಹಾಕುತ್ತಾ ಹೋಗಿ. 300 ಸೆಕೆಂಡನ್ನು ಗೀಟುಗಳ ಸಂಖ್ಯೆಯಿಂದ ಭಾಗಿಸಿ. 30 ಗೀಟು ಬಂದರೆ ಶಾಟ್‌ಗೆ 10 ಸೆಕೆಂಡ್, 100 ಬಂದರೆ 3 ಸೆಕೆಂಡ್.

ಆದರೆ ಶಾಟ್ ಉದ್ದವಿದ್ದ ಮಾತ್ರಕ್ಕೆ ಸಿನಿಮಾ ನಿಧಾನ ಎನ್ನಲಾಗದು. ಇಬ್ಬರು ಜಗಳವಾಡುವ ದೃಶ್ಯವನ್ನೇ ತೆಗೆದುಕೊಳ್ಳಿ. ಇಬ್ಬರೂ ಒಂದೇ ಫ್ರೇಮಿನಲ್ಲಿದ್ದರೆ ಮಾತಾಡುವವನ ಮುಖ ನೋಡಬೇಕೋ, ಕೇಳಿಸಿಕೊಳ್ಳುವವಳ ಕೈ ನೋಡಬೇಕೋ ಎಂಬ ಆಯ್ಕೆ ನಿಮ್ಮದು. ಮುಖದಿಂದ ಮುಖಕ್ಕೆ ಕಟ್ ಆಗುತ್ತಿದ್ದರೆ ಆ ಆಯ್ಕೆಯನ್ನು ಸಂಕಲನಕಾರರೇ ಮಾಡಿ ಮುಗಿಸಿರುತ್ತಾರೆ. ಹಾಗಾಗಿ ಉದ್ದದ ಶಾಟ್‌ನಲ್ಲಿ ಯಾರು ಎಲ್ಲಿಗೆ ಸರಿದರು, ಯಾರು ಯಾರಿಗೆ ಬೆನ್ನು ತಿರುಗಿಸಿದರು, ಹಿಂದೆ ನಿಂತವರು ಏನು ಮಾಡುತ್ತಿದ್ದಾರೆ ಎಂದು ಗಮನಿಸಿ. ಇಷ್ಟೆಲ್ಲ ನೋಡಿದ ಮೇಲೂ ಏನೂ ಬದಲಾಗದಿದ್ದರೆ ಆ ದೃಶ್ಯ ನಿಜವಾಗಿಯೂ ಜಗ್ಗಿದೆ. ಧಾರಾಳವಾಗಿ ಹಾಗೆಂದು ಹೇಳಿ. ಪಾತ್ರ ಕಾರಿನಿಂದ ಇಳಿದು, ಗೇಟು ತೆರೆದು, ಮೆಟ್ಟಿಲು ಹತ್ತಿ, ಬಾಗಿಲು ಬಡಿಯುವ ತನಕ ಎಲ್ಲವನ್ನೂ ತೋರಿಸುವುದು ಆ ಕಾಲದ ರೂಢಿ. ಇವತ್ತಿಗೆ ಅದು ಸವೆದಿದೆ ಎನ್ನುವುದರಲ್ಲಿ ಅಗೌರವವೇನಿಲ್ಲ.

ಒಂದೂವರೆ ಪಟ್ಟು ವೇಗದಲ್ಲಿ ಮಾತ್ರ ಓಡಿಸಬೇಡಿ. ಮಾತು ಹೇಗೋ ಅರ್ಥವಾಗುತ್ತದೆ, ಆದರೆ ಮಾತಿನ ನಡುವೆ ನಟರು ಬಿಟ್ಟ ಮೌನ ಹಾಳಾಗುತ್ತದೆ. ಅಭಿನಯದ ಬಹುಪಾಲು ಇರುವುದೇ ಅಲ್ಲಿ. ಫೋನ್ ಬೇರೆ ಕೋಣೆಯಲ್ಲಿಟ್ಟು 30 ನಿಮಿಷ ಕೊಡಿ. ಆಮೇಲೂ ಹಿಡಿಸದಿದ್ದರೆ ಆರಿಸಿಬಿಡಿ.

ಪ್ರಶ್ನೆ: ಹೊಸ ಸಿನಿಮಾಗಳಲ್ಲಿ ಮಾತು ಕೇಳಿಸುವುದಿಲ್ಲವೆಂದು ವಾಲ್ಯೂಮ್ ಏರಿಸಿದರೆ ಮುಂದಿನ ದೃಶ್ಯದಲ್ಲಿ ಮನೆ ನಡುಗುತ್ತದೆ. ಹಳೇ ಚಿತ್ರಗಳಲ್ಲಿ ಈ ಗೋಳಿರಲಿಲ್ಲ.

ಉತ್ತರ: ಇರಲಿಲ್ಲ, ನಿಜ. ಹಳೇ ಫಿಲ್ಮಿನ ಅಂಚಿನಲ್ಲಿದ್ದ ಮೊನೊ ಧ್ವನಿಪಟ್ಟಿಯಲ್ಲಿ ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವಿನ ಅಂತರವೇ ಕಡಿಮೆ. ಇದ್ದ ಜಾಗದಲ್ಲಿ ಮಾತಿಗೇ ಮೊದಲ ಮಣೆ ಹಾಕಿ ಮಿಕ್ಸ್ ಮಾಡುತ್ತಿದ್ದರು. 1992ರಲ್ಲಿ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂದ ಮೇಲೆ ಆ ಅಂತರ ಬಹಳ ಹಿಗ್ಗಿತು. 5.1 ಮಿಕ್ಸ್‌ನಲ್ಲಿ (ಐದು ಸ್ಪೀಕರ್, ಜೊತೆಗೆ ಆಳದ ಸದ್ದಿಗೊಂದು) ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಮೀಸಲು. ನಿಮ್ಮ ಟಿವಿಯಲ್ಲಿ ಇರುವುದು ಎರಡೇ ಸ್ಪೀಕರ್. ಆಗ ನಡುವಿನ ಚಾನೆಲನ್ನು ಸಾಮಾನ್ಯವಾಗಿ 3 ಡೆಸಿಬೆಲ್ ಇಳಿಸಿ ಎರಡೂ ಬದಿಗೆ ಹಂಚುತ್ತಾರೆ. ಅದೇ ಸ್ಪೀಕರಿನಲ್ಲಿ ಸಂಗೀತ, ಗುಂಡಿನ ಸದ್ದು ಎಲ್ಲವೂ ಬಂದು ಸೇರುತ್ತವೆ. ಸಾಲದ್ದಕ್ಕೆ ತೆಳು ಟಿವಿಗಳ ಸ್ಪೀಕರ್ ಬಾಯಿ ಕೆಳಕ್ಕೋ ಹಿಂದಕ್ಕೋ ಇರುತ್ತದೆ.

ಮೊದಲು ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ. ಬಹಳ ಮನೆಗಳಲ್ಲಿ ತೊಂದರೆ ಇಷ್ಟಕ್ಕೇ ಅರ್ಧ ಇಳಿಯುತ್ತದೆ. ಬಳಿಕ ಟಿವಿಯ ಸೌಂಡ್ ಮೆನುವಿನಲ್ಲಿ ಕೃತಕ ಸರೌಂಡ್ ಆಯ್ಕೆಯನ್ನು ಆಫ್ ಮಾಡಿ, ನೈಟ್ ಮೋಡ್ ಅಥವಾ ಕ್ಲಿಯರ್ ವಾಯ್ಸ್ ಎಂಬುದನ್ನು ಆನ್ ಮಾಡಿ. ನಡುವಿನ ಸ್ಪೀಕರ್ ಬೇರೆಯಾಗಿ ಇರುವವರು ಅದೊಂದನ್ನೇ 3 ಡೆಸಿಬೆಲ್ ಏರಿಸಿದರೆ ಸಾಕು. ಇಷ್ಟಾದರೂ ಮಾತು ತಿಳಿಯದಿದ್ದರೆ ಅದೇ ದೃಶ್ಯವನ್ನು ಹೆಡ್‌ಫೋನಿನಲ್ಲಿ ಕೇಳಿ. ಅಲ್ಲೂ ಗೊಣಗಾಟವೇ ಕೇಳಿದರೆ ತಪ್ಪು ಸಿನಿಮಾದ್ದು, ನಿಮ್ಮ ದೂರು ನ್ಯಾಯವಾದದ್ದು.

ಪ್ರಶ್ನೆ: ಹೊಸ ಟಿವಿಯಲ್ಲಿ ಯಾವ ಸಿನಿಮಾ ಹಾಕಿದರೂ ಧಾರಾವಾಹಿ ನೋಡಿದ ಹಾಗಿರುತ್ತದೆ. ಹಳೇ ಚಿತ್ರಗಳಂತೂ ಸಪ್ಪೆ ಅನಿಸುತ್ತವೆ.

ಉತ್ತರ: ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ನಿಮ್ಮ ಟಿವಿ ನಡುವೆ ತಾನೇ ಊಹಿಸಿದ ಫ್ರೇಮ್‌ಗಳನ್ನು ತುರುಕಿ ಚಲನೆಯನ್ನು ನುಣುಪಾಗಿಸುತ್ತಿದೆ. ಪಾತ್ರವೊಂದು ಕೈ ಬೀಸಿದಾಗ ಬೆರಳುಗಳ ಸುತ್ತ ಗಾಳಿ ಅಲುಗಿದಂತೆ ಮಸುಕು ಅಂಚೊಂದು ಕಂಡರೆ ಇದೇ ಕಾರಣ ಎಂದು ತಿಳಿಯಿರಿ. ಸೋನಿಯಲ್ಲಿ ಇದರ ಹೆಸರು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಪಿಕ್ಚರ್ ಸೆಟ್ಟಿಂಗಿಗೆ ಹೋಗಿ ಪೂರ್ತಿ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಇನ್ನೂ ಸುಲಭ, ಅದೊಂದನ್ನು ಒತ್ತಿದರೆ ಇದೂ ಆಫ್ ಆಗುತ್ತದೆ.

ಅಲ್ಲೇ ಇನ್ನೆರಡು ಕೆಲಸ ಮುಗಿಸಿಬಿಡಿ. ಶಾರ್ಪ್‌ನೆಸ್ಸನ್ನು ಅಕ್ಷರಗಳ ಸುತ್ತಲ ಬಿಳಿ ಅಂಚು ಮಾಯವಾಗುವ ತನಕ ಇಳಿಸಿ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಫಿಲ್ಮಿನ ಸಣ್ಣ ಕಾಳು ಕೊಳೆಯಲ್ಲ, ಚಿತ್ರ ಮೂಡಿರುವುದೇ ಅದರಿಂದ. ಅದನ್ನು ಒರೆಸಲು ಹೋದರೆ ನಟರ ಕೆನ್ನೆ ಮೇಣ ಮೆತ್ತಿದಂತಾಗುತ್ತದೆ. ಎಷ್ಟೋ ಜನ ಇಲ್ಲಿ ಎಡವುತ್ತಾರೆ: ಟಿವಿ ಸಾಮಾನ್ಯ ಚಿತ್ರಕ್ಕೂ, ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರಿಸುವ ಎಚ್‌ಡಿಆರ್ ಚಿತ್ರಕ್ಕೂ, ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ. ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗ ಮತ್ತೊಮ್ಮೆ ಮೆನುವಿಗೆ ಹೋಗಿ ಎಲ್ಲವನ್ನೂ ಪರೀಕ್ಷಿಸಿ.

ಪ್ರಶ್ನೆ: ಹಳೇ ಚಿತ್ರಗಳಲ್ಲಿ ಆಗಾಗ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಅದರ ಹಿಂದೆಯೇ ಕೆಲವು ಸಲ ಮಾತು ಹಾರಿದಂತಾಗುತ್ತದೆ. ಆಗಿನ ಎಡಿಟಿಂಗ್ ಅಷ್ಟು ಒರಟಾಗಿತ್ತೇ?

ಉತ್ತರ: ಎಡಿಟಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಚಿತ್ರಮಂದಿರದಲ್ಲಿ ಎರಡು ಪ್ರೊಜೆಕ್ಟರ್ ಇಟ್ಟು ಒಂದರ ರೀಲು ಮುಗಿಯುವಾಗ ಇನ್ನೊಂದನ್ನು ಶುರು ಮಾಡುತ್ತಿದ್ದರು. ದೊಡ್ಡ ರೀಲು ಅಂದರೆ ಸುಮಾರು 600 ಮೀಟರ್, 20 ನಿಮಿಷದ ಆಸುಪಾಸು. ರೀಲು ಮುಗಿಯಲು ಸುಮಾರು 8 ಸೆಕೆಂಡ್ ಇರುವಾಗ ಬರುವ ಮೊದಲ ಚುಕ್ಕೆ ಎರಡನೇ ಯಂತ್ರದ ಮೋಟಾರು ಚಾಲೂ ಮಾಡಲು ಸೂಚನೆ. ಸುಮಾರು ಒಂದು ಸೆಕೆಂಡ್ ಉಳಿದಿರುವಾಗ ಬರುವ ಎರಡನೇ ಚುಕ್ಕೆ ಯಂತ್ರ ಬದಲಾಯಿಸಲು ಸೂಚನೆ. ಒಂದೊಂದೂ ನಾಲ್ಕು ಫ್ರೇಮ್ ಮಾತ್ರ, ಅಂದರೆ ಸೆಕೆಂಡಿನ ಆರನೇ ಒಂದು ಭಾಗ.

ಚುಕ್ಕೆ ಕಂಡಿತೆಂದರೆ ನೀವು ನೋಡುತ್ತಿರುವ ಪ್ರತಿ ಸಾಮಾನ್ಯವಾಗಿ ಮೂಲ ನೆಗೆಟಿವ್‌ನಿಂದ ತೆಗೆದದ್ದಲ್ಲ, ಪ್ರದರ್ಶನಕ್ಕೆ ಓಡಿದ ಪ್ರಿಂಟಿನಿಂದ ತೆಗೆದದ್ದು. ಯಂತ್ರಕ್ಕೆ ಸಿಕ್ಕಿಸಿ ತೆಗೆಯುವಾಗ ಹೆಚ್ಚು ಹರಿಯುವುದು ರೀಲಿನ ಮೊದಲ ಮತ್ತು ಕೊನೆಯ ಅಡಿಗಳು. ಹರಿದದ್ದನ್ನು ಕತ್ತರಿಸಿ ಅಂಟಿಸಿದಾಗ ಮಾತಿನ ತುಂಡೂ ಹೋಗುತ್ತದೆ. ಅಲ್ಲಿನ ಗೀರು, ಜಿಗಿತ ಯಾವುದನ್ನೂ ಚಿತ್ರದ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ಹಳೇ ಡಿವಿಡಿಯಲ್ಲಿ ನಟರ ದನಿ, ಹಾಡು ಎಲ್ಲ ತುಸು ಕೀರಲು. ರೆಕಾರ್ಡಿಂಗೇ ಹಾಗೋ?

ಉತ್ತರ: ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಾದರೆ ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುತ್ತದೆ. ಸಿನಿಮಾ 4 ಪ್ರತಿಶತ ಬೇಗ ಮುಗಿಯುತ್ತದೆ, ಶ್ರುತಿ ಅರ್ಧ ಸ್ವರಕ್ಕಿಂತ (ಸೆಮಿಟೋನ್) ತುಸು ಕಡಿಮೆ ಮೇಲೇರುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಚಿತ್ರದ ಆರಂಭದ ಸೆನ್ಸಾರ್ ಪ್ರಮಾಣಪತ್ರದಲ್ಲಿ ಉದ್ದವನ್ನು ಮೀಟರ್ ಲೆಕ್ಕದಲ್ಲಿ ಕೊಟ್ಟಿದ್ದರೆ 27.4ರಿಂದ ಭಾಗಿಸಿ. 35 ಎಂಎಂ ಫಿಲ್ಮ್ ನಿಮಿಷಕ್ಕೆ ಅಷ್ಟು ಮೀಟರ್ ಓಡುತ್ತದೆ. 4115 ಮೀಟರ್ ಎಂದಿದ್ದರೆ 150 ನಿಮಿಷ. ಡಿಸ್ಕ್ 144 ನಿಮಿಷ ತೋರಿಸಿದರೆ ವೇಗ ಹೆಚ್ಚಿದೆ ಎಂದರ್ಥ. 131 ತೋರಿಸಿದರೆ ಯಾರೋ ಕತ್ತರಿ ಆಡಿಸಿದ್ದಾರೆ. ಹಾಡು ಹಾರಿಸಿದ, ದೃಶ್ಯ ಕಿತ್ತ ಪ್ರತಿಗಳು ಬೇಕಾದಷ್ಟಿವೆ. ಅಂಥದ್ದನ್ನು ನೋಡಿ ಕಥೆಗೆ ತಲೆಬುಡವಿಲ್ಲ ಎನ್ನಬೇಡಿ.

ಕಂಪ್ಯೂಟರಿನಲ್ಲಿ ನೋಡುವುದಾದರೆ ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.96ಕ್ಕೆ ಇಳಿಸಿ. ಆಡಿಯೊ ಸೆಟ್ಟಿಂಗಿನಲ್ಲಿ ಟೈಮ್ ಸ್ಟ್ರೆಚಿಂಗ್ ಆಫ್ ಮಾಡಿದರೆ ಮಾತ್ರ ಶ್ರುತಿಯೂ ಇಳಿಯುತ್ತದೆ.

ಪ್ರಶ್ನೆ: ಮೂಕಿ ಚಿತ್ರಗಳಲ್ಲಿ ಜನ ಓಡುವವರಂತೆ ನಡೆಯುತ್ತಾರಲ್ಲ?

ಉತ್ತರ: ಬಹಳಷ್ಟನ್ನು 24ಕ್ಕಿಂತ ಕಡಿಮೆ ವೇಗದಲ್ಲಿ, ಕೈಯಿಂದ ಹಿಡಿಕೆ ತಿರುಗಿಸಿ ಚಿತ್ರೀಕರಿಸಿದ್ದು. ಪ್ಲೇಯರಿನಲ್ಲಿ 0.75 ವೇಗ ಇಡಿ, ಸೆಕೆಂಡಿಗೆ 18 ಫ್ರೇಮ್ ಆಗುತ್ತದೆ. ನಡಿಗೆ ಸಹಜವಾಗಿ ಕಂಡರೆ ಹಾಗೇ ನೋಡಿ. ವೇಗವನ್ನು ಮೊದಲೇ ಸರಿಪಡಿಸಿದ ಪ್ರತಿಗಳಿಗೆ ಇದು ಬೇಡ.

ಪ್ರಶ್ನೆ: ಹಳೇ ಬಣ್ಣದ ಚಿತ್ರಗಳೆಲ್ಲ ಕೆಂಪುಕೆಂಪು. ಅದೇ ಅಂದಿನ ಅಭಿರುಚಿಯೇ? ಕಪ್ಪುಬಿಳುಪಿಗೆ ಬಣ್ಣ ತುಂಬಿದ ಆವೃತ್ತಿಗಳ ಬಗ್ಗೆಯೂ ಹೇಳಿ.

ಉತ್ತರ: ಕೆಂಪು ಯಾರೂ ಬಯಸಿದ್ದಲ್ಲ. ಈಸ್ಟ್‌ಮನ್ ಕಲರ್ ಮಾದರಿಯ ಫಿಲ್ಮಿನಲ್ಲಿ ಮೂರು ವರ್ಣದ ಪದರಗಳಿರುತ್ತವೆ. 1950ರಿಂದ 1970ರ ದಶಕದವರೆಗಿನ ಪ್ರಿಂಟುಗಳಲ್ಲಿ ಹಸಿರುನೀಲಿ ಪದರ ಎಲ್ಲಕ್ಕಿಂತ ಬೇಗ ಮಾಸುತ್ತದೆ. ಉಳಿಯುವುದು ಗುಲಾಬಿ ಛಾಯೆ. ಆಕಾಶ, ಎಲೆ, ನೆರಳು ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದರೆ ಛಾಯಾಗ್ರಹಣದ ಬಗ್ಗೆ ಅಭಿಪ್ರಾಯವನ್ನೇ ಹೇಳಬೇಡಿ, ಮರುಸ್ಥಾಪಿಸಿದ ಪ್ರತಿ ಸಿಗುವ ತನಕ ಕಾಯಿರಿ.

ಬಣ್ಣ ತುಂಬಿದವುಗಳಲ್ಲಿ 1960ರ 'ಮೊಘಲ್-ಎ-ಆಜಮ್' 2004ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಮತ್ತೆ ತೆರೆಗೆ ಬಂದವು. ಹೊಸಬರನ್ನು ಸೆಳೆಯಲು ಅದೊಂದು ದಾರಿ, ಸರಿ. ಮೊದಲ ಸಲ ನೋಡುವವರಿಗೆ ನಮ್ಮ ಸಲಹೆ ಮಾತ್ರ ಕಪ್ಪುಬಿಳುಪೇ. ಆ ಫಿಲ್ಮಿನಲ್ಲಿ ಕೆಂಪು ಸೀರೆಯೂ ಹಸಿರು ಗೋಡೆಯೂ ಒಂದೇ ಬೂದು ಬಣ್ಣಕ್ಕೆ ಇಳಿದುಬಿಡಬಹುದು. ಹಾಗಾಗದಂತೆ ಛಾಯಾಗ್ರಾಹಕರು ನಟರ ಹಿಂದಿನಿಂದ ದೀಪ ಕೊಟ್ಟು ಕೂದಲಿಗೂ ಭುಜಕ್ಕೂ ಬೆಳ್ಳನೆಯ ಗೆರೆ ಎಳೆಯುತ್ತಿದ್ದರು. ಬಣ್ಣ ತುಂಬಿದಾಗ ಆ ಗೆರೆಗೆ ಅರ್ಥವೇ ಉಳಿಯುವುದಿಲ್ಲ.

ಪ್ರಶ್ನೆ: ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆಂದು ಮನೆಯವರು ಚಿತ್ರವನ್ನು ಎಳೆದು ತುಂಬಿಸುತ್ತಾರೆ. ಏನು ನಷ್ಟ?

ಉತ್ತರ: ಮುಖಗಳು ಅಗಲವಾಗುತ್ತವೆ, ತೆಳ್ಳಗಿನ ನಟರೂ ದಪ್ಪ ಕಾಣುತ್ತಾರೆ. ನೇರವಾಗಿ ಕಾಣುವ ಗಡಿಯಾರವೋ ಚಕ್ರವೋ ಬಂದಾಗ ನಿಲ್ಲಿಸಿ ಅಳೆಯಿರಿ. ಎತ್ತರ 20 ಸೆಂಟಿಮೀಟರ್ ಇದ್ದು ಅಗಲ 26, 27 ಬಂದರೆ 4:3 ಚಿತ್ರವನ್ನು 16:9ಕ್ಕೆ (ಅಗಲ ಮತ್ತು ಎತ್ತರದ ಅನುಪಾತ) ಎಳೆದಿದ್ದಾರೆ. ಟಿವಿಯನ್ನು 4:3ಕ್ಕೆ ಬದಲಿಸಿದರೆ ಸರಿಯಾಗುತ್ತದೆ. ಜೂಮ್ ಮಾಡಿದರೆ ಇನ್ನೂ ಕಷ್ಟ. ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ, ನೃತ್ಯದಲ್ಲಿ ಪಾದಗಳೇ ಕಾಣವು. ಆ ಕತ್ತರಿ ಪ್ರತಿಯಲ್ಲೇ ಬಿದ್ದಿದ್ದರೆ ಬೇರೆ ಪ್ರತಿ ಹುಡುಕುವುದೊಂದೇ ದಾರಿ.

ಪ್ರಶ್ನೆ: ಹಳೇ ಸಿನಿಮಾಗಳೇ ಚೆನ್ನ ಎನ್ನುತ್ತಾರೆ ಹಿರಿಯರು. ನಿಮ್ಮ ಅಭಿಪ್ರಾಯ?

ಉತ್ತರ: ಹೋಲಿಕೆಯೇ ಸರಿಯಿಲ್ಲ. ಐವತ್ತು ವರ್ಷಗಳಿಂದ ಆಯ್ದ ಹತ್ತು ಚಿತ್ರಗಳನ್ನು ಈ ವಾರ ಬಿಡುಗಡೆಯಾದ ನಾಲ್ಕರ ಎದುರಿಗಿಟ್ಟರೆ ಹತ್ತೇ ಗೆಲ್ಲುವುದು. ಯಾವುದಾದರೂ ಒಂದು ವರ್ಷ ಹಿಡಿದು, ಆ ವರ್ಷದ ಹೆಸರು ಕೇಳಿರದ ಐದು ಚಿತ್ರ ನೋಡಿ. ಸಾಧಾರಣವಾದವು ಆಗಲೂ ಇವತ್ತಿನಷ್ಟೇ ಇದ್ದವು. ಇನ್ನೊಂದು ವಿಷಯವೂ ಇದೆ. ಅಮೆರಿಕದ ಮೂಕಿ ಕಥಾಚಿತ್ರಗಳ ಬಗ್ಗೆ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು 11 ಸಾವಿರದಲ್ಲಿ ಮೂಲ ರೂಪದಲ್ಲೇ ಪೂರ್ಣವಾಗಿ ಉಳಿದಿರುವುದು 14 ಪ್ರತಿಶತ. ನೆನಪು ಒಳ್ಳೆಯದನ್ನು ಆರಿಸಿಕೊಳ್ಳುತ್ತದೆ, ಬೆಂಕಿ ಮತ್ತು ತೇವ ಹಾಗೆ ಆರಿಸುವುದಿಲ್ಲ. ಕಳೆದುಹೋದವುಗಳಲ್ಲಿ ಶ್ರೇಷ್ಠವಾದವೂ ಇದ್ದಿರಲೇಬೇಕು.

ನಮ್ಮ ಅಭಿಪ್ರಾಯ ಕೇಳಿದ್ದೀರಿ. ಇಡೀ ದೃಶ್ಯವನ್ನು ನಟರ ಕೈಗೇ ಒಪ್ಪಿಸುವ ಧೈರ್ಯ ಹಳಬರಿಗೆ ಹೆಚ್ಚಿತ್ತು. ಕಥೆಗೆ ಸಂಬಂಧವಿಲ್ಲದ ಹಾಸ್ಯದ ಎಳೆ, ಎಲ್ಲವನ್ನೂ ಬಾಯಿಬಿಟ್ಟು ವಿವರಿಸುವ ಖಳನಾಯಕ, ಹಿಂದೆ ರಸ್ತೆಯ ಚಿತ್ರ ಓಡಿಸಿ ಕಾರಿನ ಸ್ಟೀರಿಂಗ್ ಸುಮ್ಮಸುಮ್ಮನೆ ತಿರುಗಿಸುವುದು ಅವರ ದೌರ್ಬಲ್ಯ. ಹೊಸಬರು ಕಣ್ಣಿನಲ್ಲೇ ಹೇಳುವ ಅಭಿನಯದಲ್ಲಿ, ರಾತ್ರಿ ದೃಶ್ಯಗಳಲ್ಲಿ ಮುಂದಿದ್ದಾರೆ. ಆದರೆ ಒಂದು ಕ್ಷಣವೂ ಬಿಡದೆ ಹಿನ್ನೆಲೆ ಸಂಗೀತ ಸುರಿಯುತ್ತಾರೆ, ನಾಯಕ ಬಾಗಿಲು ದಾಟುವುದಕ್ಕೂ ಸ್ಲೋ ಮೋಷನ್ ಹಾಕುತ್ತಾರೆ.

ಪ್ರಶ್ನೆ: ನೋಡಿದ ಚಿತ್ರಗಳ ಬಗ್ಗೆ ಎರಡು ಸಾಲು ಬರೆದಿಡಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?

ಉತ್ತರ: ಬೇರೆಯವರ ವಿಮರ್ಶೆ ಓದುವ ಮುಂಚೆ, ಮಾರನೇ ದಿನದೊಳಗೆ ಬರೆಯಿರಿ. 'ಚೆನ್ನಾಗಿದೆ', 'ಬೋರು' ಎಂದಷ್ಟೇ ಬರೆದರೆ ಆರು ತಿಂಗಳ ಮೇಲೆ ನಿಮಗೇ ಏನೂ ತಿಳಿಯದು. ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ, ಗಮನ ತಪ್ಪಿದ ಒಂದು ಜಾಗ, ಅದು ಎಷ್ಟನೇ ನಿಮಿಷದ್ದು ಎಂದು ಬರೆಯಿರಿ. ಕೊನೆಗೆ ಯಾವ ಪ್ರತಿ, ಒಟ್ಟು ಎಷ್ಟು ನಿಮಿಷದ್ದು, ಡಬ್ ಆದದ್ದೋ ಮೂಲ ಭಾಷೆಯದೋ ಎಂಬುದನ್ನೂ ಸೇರಿಸಿ.