ಕರ್ನಲ್ ಮೆಮೊರಿಯ ಲೆಕ್ಕ ತಾಳೆಯಾಗದಿದ್ದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲಿನಕ್ಸ್ ಸರ್ವರಿನಲ್ಲಿ ಮೆಮೊರಿ ಬಳಕೆ ತೋರಿಸುವ ಮೆಮ್‌ಇನ್ಫೋ ಕಡತದ ಸಾಲುಗಳನ್ನೆಲ್ಲ ಕೂಡಿಸಿ ನೋಡಿದರೂ ಒಟ್ಟು ಮೆಮೊರಿಯ ಸಾಲಾದ ಮೆಮ್‌ಟೋಟಲ್‌ಗಿಂತ ನೂರಾರು ಎಂಬಿ ಕಡಿಮೆ ಬರುತ್ತದೆ. ಆ ಮೆಮೊರಿ ಎಲ್ಲಿ ಹೋಯಿತು?

ಉತ್ತರ: ಅದು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಬಳಕೆಯಲ್ಲೇ ಇದೆ, ಯಾವ ಸಾಲಿನಲ್ಲೂ ದಾಖಲಾಗಿಲ್ಲ. ಮೆಮ್‌ಇನ್ಫೋ ಪೂರ್ತಿ ಜಮಾಖರ್ಚಿನ ಪುಸ್ತಕವಲ್ಲ. ಅಗತ್ಯ ಬಂದಾಗ ಒಂದೊಂದಾಗಿ ಸೇರಿಸುತ್ತ ಬಂದ ಎಣಿಕೆಗಳು ಅಲ್ಲಿವೆ. ಸ್ಲಾಬ್ (ಕರ್ನಲ್ ತನ್ನ ಚಿಕ್ಕ ವಸ್ತುಗಳಿಗೆ ಬಳಸುವ ಮೆಮೊರಿ), ಪೇಜ್ ಟೇಬಲ್ (ವಿಳಾಸಗಳ ನಕ್ಷೆ), ಕರ್ನಲ್ ಸ್ಟ್ಯಾಕ್‌ಗೆ ಒಂದೊಂದು ಸಾಲಿದೆ. ಆದರೆ ಯಾವುದೋ ಡ್ರೈವರ್ ಅಲಾಕ್_ಪೇಜಸ್ ಫಂಕ್ಷನ್ ಕರೆದು ನೇರವಾಗಿ ಪೇಜು (ಮೆಮೊರಿಯ ಸ್ಥಿರ ಗಾತ್ರದ ತುಂಡು) ತೆಗೆದುಕೊಂಡರೆ ಖಾಲಿ ಮೆಮೊರಿಯ ಸಾಲಾದ ಮೆಮ್‌ಫ್ರೀ ಇಳಿಯುತ್ತದೆ, ಬೇರೆ ಯಾವ ಸಾಲೂ ಏರಬೇಕೆಂದಿಲ್ಲ. ದೊಡ್ಡ ಬಫರ್‌ಗಳನ್ನು ಇಟ್ಟುಕೊಳ್ಳುವ ಡ್ರೈವರ್‌ಗಳ ಮೇಲೆ ಮೊದಲು ಕಣ್ಣಿಡಿ.

ಕೂಡಿಸುವಾಗ ಎರಡು ಸಲ ಎಣಿಸುವ ಅಪಾಯವೂ ಇದೆ. ಕರ್ನಲ್ ಸ್ಟ್ಯಾಕ್‌ಗಳನ್ನು ವಿಮ್ಯಾಲಕ್ ಪ್ರದೇಶದಿಂದ (ಬಿಡಿ ಪೇಜುಗಳನ್ನು ಒಂದೇ ಸರಣಿಯ ವಿಳಾಸಗಳಲ್ಲಿ ಜೋಡಿಸುವ ಜಾಗದಿಂದ) ಕೊಡುವಂತೆ ಕಟ್ಟಿದ ಕರ್ನಲ್‌ನಲ್ಲಿ ಅದೇ ಪೇಜುಗಳು ಕರ್ನಲ್‌ಸ್ಟ್ಯಾಕ್ ಸಾಲಿನಲ್ಲೂ ವಿಮ್ಯಾಲಕ್‌ಯೂಸ್ಡ್ ಸಾಲಿನಲ್ಲೂ ಬರುತ್ತವೆ. ಇನ್ನು, 4.4ರಿಂದ 5.2ರವರೆಗಿನ ಆವೃತ್ತಿಗಳಲ್ಲಿ ವಿಮ್ಯಾಲಕ್‌ಯೂಸ್ಡ್ ಯಾವಾಗಲೂ ಸೊನ್ನೆ. ಕಡತ ಓದಿದಾಗಲೆಲ್ಲ ವಿಮ್ಯಾಲಕ್ ಹಂಚಿಕೆಗಳ ಇಡೀ ಪಟ್ಟಿಯನ್ನು ಸುತ್ತಿ ಲೆಕ್ಕ ಹಾಕುವುದು ದುಬಾರಿಯಾಗಿತ್ತೆಂದು ಅದನ್ನು ತೆಗೆದಿದ್ದರು. ಹಂಚುವಾಗಲೇ ಏರಿಸುವ ಕೌಂಟರ್ ಬಂದ ಮೇಲೆ, 5.3ರಲ್ಲಿ, ಅಂಕಿ ಮರಳಿತು.

ಪ್ರಶ್ನೆ: ಕಲಿಕೆಗಾಗಿ ಒಂದು ಕರ್ನಲ್ ಬರೆಯುತ್ತಿದ್ದೇವೆ. ಅಲೊಕೇಟರ್‌ಗೆ (ಮೆಮೊರಿ ಹಂಚುವ ಭಾಗಕ್ಕೆ) ಒಂದೇ ಒಂದು ಅಟಾಮಿಕ್ ಕೌಂಟರ್ (ಹಲವು ಕೋರ್‌ಗಳು ಒಟ್ಟಿಗೆ ಏರಿಸಿದರೂ ತಪ್ಪದ ಎಣಿಕೆ) ಸೇರಿಸಿದ್ದಕ್ಕೆ 16 ಕೋರ್‌ಗಳ ಯಂತ್ರದಲ್ಲಿ ವೇಗ ಬಿದ್ದುಹೋಯಿತು. ಲೆಕ್ಕವೂ ಬೇಕು, ವೇಗವೂ ಬೇಕು. ಹೇಗೆ?

ಉತ್ತರ: ಕೌಂಟರ್ ಒಂದೇ ಆದರೂ ಅದನ್ನು ಬರೆಯುವವರು ಹದಿನಾರು. ಪ್ರತಿ ಬರಹಕ್ಕೂ ಅದಿರುವ ಕ್ಯಾಶ್ ಲೈನ್ (ಕೋರ್ ಒಮ್ಮೆಗೆ ತನ್ನ ಬಳಿ ತರಿಸಿಕೊಳ್ಳುವ ಮೆಮೊರಿ ತುಣುಕು) ಒಂದು ಕೋರ್‌ನಿಂದ ಕಿತ್ತುಕೊಂಡು ಇನ್ನೊಂದಕ್ಕೆ ಹೋಗಬೇಕು. ಸಮಯ ತಿನ್ನುವುದು ಈ ಓಡಾಟ. ಆದ್ದರಿಂದ ಪ್ರತಿ ಸಿಪಿಯುಗೂ ಅದರದೇ ಕೌಂಟರ್ ಕೊಡಿ, ಅವು ಒಂದೇ ಕ್ಯಾಶ್ ಲೈನ್‌ನಲ್ಲಿ ಬೀಳದಂತೆ ಜೋಡಿಸಿ, ಮೊತ್ತವನ್ನು ಓದುವಾಗ ಮಾತ್ರ ಹಾಕಿ. ಹಂಚಿಕೆ ಸೆಕೆಂಡಿಗೆ ಲಕ್ಷಾಂತರ ಸಲ ನಡೆಯಬಹುದು, ಓದುವುದು ಅಪರೂಪ. ಖರ್ಚು ಓದುವವರ ಕಡೆಗೆ ಹೋಗಲಿ.

ಇಲ್ಲಿ ಹೆಚ್ಚಿನವರು ಎಡವುವುದು 'ಈಗ ಬಳಕೆಯಲ್ಲಿರುವುದು' ಎಂಬ ಒಂದೇ ಅಂಕಿ ಇಟ್ಟುಕೊಂಡು. ಒಂದು ಸಿಪಿಯುನಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಡುಗಡೆ ಮಾಡುವುದು ಮಾಮೂಲು. ಹಾಗಾಗಿ ಬಿಡಿ ಸಿಪಿಯುವಿನ ಅಂಕಿ ಋಣವಾಗಬಹುದು, ಅದಕ್ಕೆ ಅರ್ಥವೂ ಇಲ್ಲ. ಎಲ್ಲದರ ಮೊತ್ತಕ್ಕೆ ಮಾತ್ರ ಅರ್ಥ. ಬದಲಿಗೆ ಏರುತ್ತಲೇ ಹೋಗುವ ನಾಲ್ಕು ಎಣಿಕೆ ಇಡಿ: ಕೊಟ್ಟ ಬೈಟ್, ಮರಳಿದ ಬೈಟ್, ಕೊಟ್ಟ ಸಲ, ಮರಳಿದ ಸಲ. ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನ ಮ್ಯಾಲಕ್ (ಮೆಮೊರಿ ಹಂಚುವ ಫಂಕ್ಷನ್) ಲೆಕ್ಕ ಹೀಗೇ ಇದೆ. ಓದುವಾಗ ಮೊದಲು ಎಲ್ಲ ಸಿಪಿಯುಗಳ ಮರಳಿದ ಎಣಿಕೆ, ನಂತರ ಕೊಟ್ಟ ಎಣಿಕೆ ಓದಿ, ಓದಿನ ಕ್ರಮ ಬದಲಾಗದಂತೆ ನಡುವೆ ಮೆಮೊರಿ ಬ್ಯಾರಿಯರ್ ಇರಲಿ. ಆಗ ವ್ಯತ್ಯಾಸ ಸ್ವಲ್ಪ ಹೆಚ್ಚು ಕಾಣಬಹುದೇ ಹೊರತು ಸೊನ್ನೆಗಿಂತ ಕೆಳಗಿಳಿಯದು.

ಕೌಂಟರ್ 64 ಬಿಟ್ ಇರಬೇಕು. ಏರುತ್ತಲೇ ಹೋಗುವ 32 ಬಿಟ್ ಎಣಿಕೆ 4 ಜಿಬಿ ದಾಟಿದೊಡನೆ ಮತ್ತೆ ಸೊನ್ನೆಗೆ ಬರುತ್ತದೆ. 32 ಬಿಟ್ ಪ್ರೊಸೆಸರ್‌ನಲ್ಲಿ 64 ಬಿಟ್ ಅಂಕಿಯನ್ನು ಎರಡು ತುಂಡಾಗಿ ಓದುವ ಸಂದರ್ಭವಿರುವುದರಿಂದ ಅಲ್ಲಿ ಸೀಕ್ವೆನ್ಸ್ ಕೌಂಟರ್ (ಓದುವ ನಡುವೆ ಅಂಕಿ ಬದಲಾಯಿತೇ ಎಂದು ತಿಳಿಸುವ ಎಣಿಕೆ) ಹಾಕಿ. ಏರಿಸುವ ಹೊತ್ತಿನಲ್ಲಿ ಥ್ರೆಡ್ ಬೇರೆ ಸಿಪಿಯುಗೆ ಜಾರದಂತೆ ಪ್ರಿಎಂಪ್ಷನ್ (ಥ್ರೆಡ್ಡನ್ನು ನಡುವೆಯೇ ನಿಲ್ಲಿಸಿ ಬೇರೊಂದನ್ನು ಓಡಿಸುವುದು) ತಡೆಯಿರಿ. ಇಂಟರಪ್ಟ್ (ಹಾರ್ಡ್‌ವೇರ್‌ನ ತುರ್ತು ಕರೆ) ಒಳಗಿಂದಲೂ ಹಂಚಿಕೆ ನಡೆಯುತ್ತಿದ್ದರೆ ಅಷ್ಟು ಸಾಲದು, ಇಂಟರಪ್ಟನ್ನೂ ತಡೆಯಬೇಕು ಅಥವಾ ಒಂದೇ ಸೂಚನೆಯಲ್ಲಿ ಏರಿಸಬೇಕು. ಸಿಪಿಯು ಆಫ್‌ಲೈನ್ ಆದರೆ ಅದರ ಎಣಿಕೆಯನ್ನು ಎಸೆಯಬೇಡಿ.

ಕೇಳಿದ ಗಾತ್ರವನ್ನೂ ಕೊಟ್ಟ ಗಾತ್ರವನ್ನೂ ಬೇರೆಬೇರೆ ಬರೆಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ ಸುಧಾರಣೆ. ಲಿನಕ್ಸ್‌ನಲ್ಲಿ 260 ಬೈಟ್ ಕೇಳಿದರೆ 512ರ ತುಂಡು ಸಿಗುತ್ತದೆ, 252 ಬೈಟ್ ವ್ಯರ್ಥ. ಸ್ಟ್ರಕ್ಟ್‌ನಿಂದ ನಾಲ್ಕು ಬೈಟ್ ತೆಗೆದರೆ ಅದೇ 256ರಲ್ಲಿ ಕೂರುತ್ತದೆ! ಕೆಮ್ಯಾಲಕ್ ಎಂಬುದು ಲಿನಕ್ಸ್ ಕರ್ನಲ್ ಒಳಗೆ ಮೆಮೊರಿ ಕೇಳುವ ಫಂಕ್ಷನ್; ಕೆಮೆಮ್ ಗುಂಪಿನ ಕೆಮ್ಯಾಲಕ್ ಟ್ರೇಸ್ ಈವೆಂಟ್ (ಆ ಕರೆಗಳನ್ನು ದಾಖಲಿಸುವ ಸೌಲಭ್ಯ) ಈ ಎರಡೂ ಅಂಕಿಗಳನ್ನು ಕೊಡುತ್ತದೆ. ನಿಮ್ಮ ಕರ್ನಲ್‌ನಲ್ಲಿ ಒಂದು ತೊಡಕು ಎದುರಾಗುತ್ತದೆ: ಬಿಡುಗಡೆಯ ಹೊತ್ತಿಗೆ ಮೊದಲು ಕೇಳಿದ ಗಾತ್ರ ಗೊತ್ತಿರುವುದಿಲ್ಲ. ಅದನ್ನು ಎಲ್ಲೂ ಉಳಿಸಿಲ್ಲವಾದರೆ ಕಳೆಯಲು ಹೋಗಬೇಡಿ, ಒಟ್ಟು ಕೇಳಿದ್ದಕ್ಕೂ ಒಟ್ಟು ಕೊಟ್ಟಿದ್ದಕ್ಕೂ ಇರುವ ಅನುಪಾತವನ್ನಷ್ಟೇ ತೋರಿಸಿ.

ಗರಿಷ್ಠ ಬಳಕೆ ಮಾತ್ರ ಈ ವಿಧಾನದಲ್ಲಿ ನಿಖರವಾಗಿ ಸಿಗದು, ಏಕೆಂದರೆ ಆ ಕ್ಷಣದ ಒಟ್ಟು ಮೊತ್ತ ಯಾರ ಬಳಿಯೂ ಇರುವುದಿಲ್ಲ. ನಿಯಮಿತವಾಗಿ ಮಾದರಿ ತೆಗೆದು ಅದನ್ನು ಅಂದಾಜೆಂದೇ ತೋರಿಸಿ.

ಪ್ರಶ್ನೆ: ಏನೂ ನಡೆಯದೆ ಸುಮ್ಮನಿರುವ ಯಂತ್ರದಲ್ಲೂ ಮೆಮೊರಿ ಎಣಿಕೆಗಳನ್ನು ತೋರಿಸುವ ವಿಎಂಸ್ಟಾಟ್ ಅಂಕಿಗಳು ಒಂದೆರಡು ಸೆಕೆಂಡಿನ ನಂತರ ಬದಲಾಗುತ್ತವೆ. ಇದು ದೋಷವೇ?

ಉತ್ತರ: ಅಲ್ಲ. ಪ್ರತಿ ಸಿಪಿಯು ತನ್ನ ವ್ಯತ್ಯಾಸವನ್ನು ಒಂದು ಮಿತಿಯವರೆಗೆ ತನ್ನಲ್ಲೇ ಇಟ್ಟುಕೊಂಡು, ಮಿತಿ ದಾಟಿದಾಗ ಅಥವಾ ಸುಮಾರು ಸೆಕೆಂಡಿಗೊಮ್ಮೆ ಒಟ್ಟು ಮೊತ್ತಕ್ಕೆ ಸೇರಿಸುತ್ತದೆ. ಮಿತಿ ಗರಿಷ್ಠ 125. 64 ಸಿಪಿಯು, 4 ಕೆಬಿ ಪೇಜು ಎಂದರೆ ಒಂದು ಝೋನ್‌ನ (ಕರ್ನಲ್ ವಿಭಾಗಿಸಿಕೊಂಡ ಮೆಮೊರಿ ಪ್ರದೇಶದ) ಒಂದು ಅಂಕಿ 8,000 ಪೇಜಿನವರೆಗೆ, ಅಂದರೆ ಸುಮಾರು 31 ಎಂಬಿ, ಆಚೀಚೆ ಇರಬಹುದು. ಅಳತೆಗೆ ಮುಂಚೆ ರೂಟ್ ಆಗಿ ಪ್ರೊಕ್ ಅಡಿಯ ಸಿಸ್, ಅದರೊಳಗಿನ ವಿಎಂ ಕೋಶದಲ್ಲಿರುವ ಸ್ಟಾಟ್_ರಿಫ್ರೆಶ್ ಕಡತವನ್ನು ಒಮ್ಮೆ ಓದಿ. ಎಲ್ಲ ಸಿಪಿಯುಗಳ ಬಾಕಿ ಆಗಲೇ ಸೇರಿಕೊಳ್ಳುತ್ತದೆ.

ಪ್ರಶ್ನೆ: ಮೆಮ್‌ಇನ್ಫೋದ ಎಸ್‌ಅನ್‌ರಿಕ್ಲೇಮ್ (ಮರಳಿ ಪಡೆಯಲಾಗದ ಸ್ಲಾಬ್ ಮೆಮೊರಿ) ದಿನೇದಿನೇ ಏರುತ್ತಿದೆ. ಸ್ಲಾಬ್ ಬಳಕೆ ತೋರಿಸುವ ಸ್ಲಾಬ್‌ಟಾಪ್ ಕೆಮ್ಯಾಲಕ್-64 ಕಡೆ ಬೆರಳು ತೋರಿಸುತ್ತದೆ. ಯಾವ ಕೋಡ್ ಅದನ್ನು ಬಳಸುತ್ತಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಕೆಮ್ಯಾಲಕ್-64 ಎಂಬುದು 64 ಬೈಟ್ ತುಂಡುಗಳ, ಎಲ್ಲರೂ ಹಂಚಿಕೊಳ್ಳುವ ಗೋದಾಮು, ಆ ಹೆಸರಿನಿಂದ ಬಳಕೆದಾರ ತಿಳಿಯುವುದಿಲ್ಲ. ಹೆಸರಿರುವ ಸ್ಲಾಬ್ ಕ್ಯಾಶ್‌ಗಳನ್ನೂ (ಒಂದೇ ಬಗೆಯ ವಸ್ತುಗಳ ಗೋದಾಮುಗಳನ್ನೂ) ಗಾತ್ರ ಹೊಂದಿದರೆ ಕರ್ನಲ್ ಒಂದಾಗಿಸುತ್ತದೆ; ಅದನ್ನು ತಡೆಯಲು ಬೂಟ್ ಸಾಲಿಗೆ ಸ್ಲಾಬ್_ನೋಮರ್ಜ್ ಸೇರಿಸಬೇಕು.

ಕರ್ನಲ್ 6.10 ಅಥವಾ ಹೊಸದಾಗಿದ್ದರೆ ದಾರಿ ಸುಲಭ. ಮೆಮ್_ಅಲಾಕ್_ಪ್ರೊಫೈಲಿಂಗ್ ಆಯ್ಕೆಯೊಡನೆ ಕಟ್ಟಿ, ಬೂಟ್ ಆಗುವಾಗಲೇ ಸಿಸ್‌ಸಿಟಿಎಲ್ ವಿಎಂ ಮೆಮ್_ಪ್ರೊಫೈಲಿಂಗ್ ಎಂಬ ಕರ್ನಲ್ ಸೆಟ್ಟಿಂಗ್‌ನ ಮೌಲ್ಯವನ್ನು 1 ಮಾಡಿ. ನಂತರ ಆರಂಭಿಸಿದರೆ ಅದಕ್ಕೆ ಮುಂಚಿನ ಹಂಚಿಕೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಬೂಟ್ ಹೊತ್ತಿಗೆ ಆ ಮೌಲ್ಯವನ್ನು ನೆವರ್ ಎಂದು ಕೊಟ್ಟಿದ್ದರೆ ಮರುಬೂಟ್ ಇಲ್ಲದೆ ಆರಂಭಿಸಲೂ ಆಗದು. ಪ್ರೊಕ್ ಅಡಿಯ ಅಲಾಕ್‌ಇನ್ಫೋ ಕಡತದಲ್ಲಿ ಮೆಮೊರಿ ಕೇಳುವ ಕೋಡ್‌ನ ಪ್ರತಿ ಸಾಲಿಗೂ ಈಗ ಹಿಡಿದಿರುವ ಬೈಟ್, ಹಂಚಿಕೆಗಳ ಸಂಖ್ಯೆ, ಕಡತದ ಹೆಸರು, ಸಾಲಿನ ಸಂಖ್ಯೆ ಇರುತ್ತವೆ. ಒಂದು ಪ್ರತಿ ಉಳಿಸಿ, ಕೆಲವು ಗಂಟೆ ಬಿಟ್ಟು ಇನ್ನೊಂದು ಪ್ರತಿ ತೆಗೆದು, ಎರಡರ ವ್ಯತ್ಯಾಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ದೊಡ್ಡ ಅಂಕಿ ಸೋರಿಕೆಯ ಗುರುತಲ್ಲ, ಎಂದೂ ಇಳಿಯದ ಅಂಕಿಯನ್ನು ಹುಡುಕಿ.

ಪಟ್ಟಿಯ ತುದಿಯಲ್ಲಿ ಯಾವುದೋ ಸಹಾಯಕ ಫಂಕ್ಷನ್ ಮಾತ್ರ ಕಂಡರೆ ಲೆಕ್ಕ ಅದನ್ನು ಕರೆದವರಿಗೆ ಹೋಗಬೇಕು. ಆ ಫಂಕ್ಷನ್ ಹೆಸರಿನ ಕೊನೆಗೆ _ನೋಪ್ರೊಫ್ ಸೇರಿಸಿ, ಅದರೊಳಗಿನ ಹಂಚಿಕೆಯ ಕರೆಗಳನ್ನೂ ನೋಪ್ರೊಫ್ ರೂಪಕ್ಕೆ ಬದಲಿಸಿ, ಹಳೆಯ ಹೆಸರನ್ನು ಅಲಾಕ್_ಹುಕ್ಸ್ ಬಳಸುವ ಮ್ಯಾಕ್ರೊ ಮಾಡಿ. ಆಮೇಲೆ ಪ್ರತಿ ಕರೆಯ ಜಾಗಕ್ಕೂ ಪ್ರತ್ಯೇಕ ಸಾಲು ಬರುತ್ತದೆ.

ಇದಕ್ಕೆ ತಗಲುವ ಮೆಮೊರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಾವ ಕೋಡ್ ಪಡೆಯಿತೆಂಬ ಗುರುತನ್ನು ಪೇಜ್ ಎಕ್ಸ್‌ಟೆನ್ಷನ್‌ನಲ್ಲಿ (ಪ್ರತಿ ಪೇಜಿನ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ) ಇಟ್ಟರೆ ಪ್ರತಿ ಪೇಜಿಗೂ 8 ಬೈಟ್, 16 ಜಿಬಿಗೆ 32 ಎಂಬಿ. ಸ್ಲಾಬ್‌ನ ಪ್ರತಿ ವಸ್ತುವಿಗೂ 8 ಬೈಟ್ ಬೇಕು. ನಿಮ್ಮ 64 ಬೈಟ್ ತುಂಡುಗಳಿಗೆ ಅದು ಎಂಟರಲ್ಲೊಂದು ಪಾಲು.