ದತ್ತು ಮಗುವನ್ನು ಕರೆತರಲು ಕೋಲ್ಕತ್ತಾಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪತ್ರ ಬರೆದವರು ಹೆಸರು ಬೇಡ ಎಂದಿದ್ದಾರೆ. ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಕಾರಾ (ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪೋರ್ಟಲ್‌ನಲ್ಲಿ ಕೋಲ್ಕತ್ತಾದ ಸಂಸ್ಥೆಯೊಂದರ ಮಗುವನ್ನು ಕಾಯ್ದಿರಿಸಿದ್ದೇವೆ. ಎಷ್ಟು ದಿನಕ್ಕೆ ರೂಮು ಮಾಡಬೇಕು? ಎಲ್ಲಿ ಮಾಡಬೇಕು? ಅಡಿಕೆ ಕೊಯ್ಲು ಶುರುವಾಗಿದೆ, ತೋಟ ಬಿಟ್ಟು ಹೆಚ್ಚು ದಿನ ಇರೋಕಾಗಲ್ಲ. — ಹೊಸನಗರ

ಮಗುವಿನ ವಿವರ ಬಂದ 48 ಗಂಟೆಯೊಳಗೆ ನೀವು ಕಾಯ್ದಿರಿಸಿದ್ದೀರಿ. ಕಾಯ್ದಿರಿಸಿದ ದಿನದಿಂದ 30 ದಿನದೊಳಗೆ ಹೋಗಿ ಮಗುವನ್ನು ನೋಡಿ, ಒಪ್ಪಿಗೆಗೆ ಸಹಿ ಹಾಕುವ ಕೆಲಸ ಮುಗಿಯಬೇಕು. ಆಮೇಲೆ 10 ದಿನದೊಳಗೆ ದತ್ತುಪೂರ್ವ ಪೋಷಣೆಗೆಂದು, ಅಂದರೆ ದತ್ತು ಆದೇಶ ಬರುವವರೆಗೆ ಸಾಕಿಕೊಳ್ಳಲೆಂದು, ಮಗುವನ್ನು ನಿಮ್ಮ ಕೈಗೆ ಕೊಡುತ್ತಾರೆ. ಇವೆರಡೂ ಒಂದೇ ಪ್ರಯಾಣದಲ್ಲಿ ಆಗುತ್ತವೋ ಇಲ್ಲವೋ ಎನ್ನುವುದು ಸಂಸ್ಥೆಯ ದತ್ತು ಸಮಿತಿ ಯಾವಾಗ ಸೇರುತ್ತದೆ ಎನ್ನುವುದರ ಮೇಲೆ ನಿಂತಿದೆ. ಟಿಕೆಟ್ ತೆಗೆಯುವ ಮೊದಲು ಫೋನ್ ಮಾಡಿ ಸಮಿತಿಯ ತಾರೀಕು ಕೇಳಿ. ಅದೇ ವಾರ ಮಗುವನ್ನು ಕೊಡಲು ಸಾಧ್ಯವೇ, ಯಾವ ಮೂಲ ದಾಖಲೆ ತರಬೇಕು ಎಂಬುದನ್ನೂ ಕೇಳಿ. ಮಗುವಿನ ವೈದ್ಯಕೀಯ ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸುವ ಹಕ್ಕು ನಿಮಗಿದೆ. ಆ ಕೆಲಸ ಶಿವಮೊಗ್ಗದಲ್ಲೇ ಮುಗಿಸಿ ಹೊರಡಿ.

ಹತ್ತು ದಿನಕ್ಕೆ ರೂಮು ಮಾಡಿ. ಮಗು ಕೈಗೆ ಬಂದ ಮೇಲೂ ಮೂರು ನಾಲ್ಕು ದಿನ ಅಲ್ಲೇ ಇರಿ. ಹೊಟ್ಟೆ ಕೆಡುವುದು, ಜ್ವರ, ರಾತ್ರಿಯ ಅಳು ಬರುವುದಾದರೆ ಹೆಚ್ಚಾಗಿ ಆ ದಿನಗಳಲ್ಲೇ. ಮಗುವನ್ನು ಬಲ್ಲ ವೈದ್ಯರು, ಆಯಾಗಳು ಹತ್ತಿರವಿರುತ್ತಾರೆ. ಕೊಯ್ಲಿನ ಚಿಂತೆಯಲ್ಲಿ ಓಡೋಡಿ ಬರುವುದಕ್ಕಿಂತ ಈ ವರ್ಷದ ಫಸಲನ್ನು ಚೇಣಿಗೆ (ಮರದ ಮೇಲಿರುವಾಗಲೇ ಗುತ್ತಿಗೆಗೆ) ಕೊಟ್ಟುಬಿಡಿ, ನಾಲ್ಕು ಕಾಸು ಕಡಿಮೆಯಾದರೂ ಸರಿ. ದುರ್ಗಾಪೂಜೆಯ ಆಸುಪಾಸಿನಲ್ಲಿ ಮಾತ್ರ ಹೋಗಬೇಡಿ. ಸರ್ಕಾರಿ ಕಚೇರಿಗಳಿಗೆ ಉದ್ದ ರಜೆ, ರಸ್ತೆಯಲ್ಲಿ ಜನಸಾಗರ.

ರೂಮಿಗಿಂತ ಅಡುಗೆಮನೆ ಇರುವ ಬಾಡಿಗೆ ಫ್ಲ್ಯಾಟ್ ಒಳ್ಳೆಯದು. ಫ್ರಿಜ್, ಗೀಸರ್, ಲಿಫ್ಟ್, ಬೀಗ ಹಾಕಬಹುದಾದ ಬಾಲ್ಕನಿ ಇದೆಯೇ ಎಂದು ಫೋಟೊ ತರಿಸಿಕೊಂಡು ನೋಡಿ. ಸಂಸ್ಥೆಗೆ ಹತ್ತಿರವಿದ್ದಷ್ಟೂ ಅನುಕೂಲ. ಅದಿಲ್ಲವಾದರೆ ಲೇಕ್ ಮಾರ್ಕೆಟ್, ರಾಸ್‌ಬಿಹಾರಿ ಅವೆನ್ಯೂ ಕಡೆ ನೋಡಿ: ದಕ್ಷಿಣದವರು ಹಿಂದಿನಿಂದಲೂ ನೆಲೆಸಿರುವ ಜಾಗ, ಇಡ್ಲಿ ಮತ್ತು ಫಿಲ್ಟರ್ ಕಾಫಿ ಸಿಗುತ್ತದೆ, ಕಾಲಿಘಾಟ್ ಮೆಟ್ರೊ ಪಕ್ಕದಲ್ಲೇ. ಕೆಲವು ಏಕಮುಖ ರಸ್ತೆಗಳ ದಿಕ್ಕು ಮಧ್ಯಾಹ್ನದ ಹೊತ್ತಿಗೆ ತಿರುವುಮುರುವಾಗುತ್ತದೆ. ಹೋಗುವಾಗ ಹಿಡಿದ ದಾರಿ ಬರುವಾಗ ಇರುವುದಿಲ್ಲ, ಕ್ಯಾಬ್‌ನವನು ಸುತ್ತಾಡಿಸುತ್ತಿದ್ದಾನೆಂದು ಜಗಳಕ್ಕಿಳಿಯಬೇಡಿ.

ಹಣದ ಮಾತು: ಸಂಸ್ಥೆಗೆ ಕಟ್ಟಬೇಕಾದದ್ದು 50,000 ರೂಪಾಯಿ, ಬ್ಯಾಂಕ್ ಮೂಲಕ ಕಟ್ಟಿ ರಸೀದಿ ಪಡೆಯಿರಿ. ಮನೆ ಅಧ್ಯಯನದ (ನಿಮ್ಮ ಮನೆಗೆ ಬಂದು ನೋಡಿ ವರದಿ ಬರೆಯುವುದರ) 6,000 ಬೇರೆ. ಇವುಗಳಾಚೆ ದೇಣಿಗೆ ಎಂದು ಯಾರಾದರೂ ಕೇಳಿದರೆ ಕೊಡಬೇಡಿ, ಕಾರಾಕ್ಕೆ ಬರೆಯಿರಿ.

ಪ್ರಶ್ನೆ: ಮಗುವಿಗೆ 9 ತಿಂಗಳು. ಮನೆಯಿಂದ ರಾಗಿಹಿಟ್ಟು, ತುಪ್ಪ, ಹೊಸ ಬಾಟಲಿ ಎಲ್ಲ ಒಯ್ಯಬೇಕೆಂದಿದ್ದೇವೆ. ಇನ್ನೇನು ಬೇಕು? — ಸಾಗರ

ತುಪ್ಪ, ಅಪ್ಪೆಮಿಡಿ ನಿಮಗೆ ಬೇಕಾದರೆ ಒಯ್ಯಿರಿ. ಮಗುವಿನ ವಿಷಯದಲ್ಲಿ ಮೊದಲ ವಾರ ಹೊಸತೇನೂ ಬೇಡ. ಭೇಟಿಯ ದಿನಗಳಲ್ಲಿ ಒಂದು ನೋಟ್‌ಬುಕ್ ಹಿಡಿದು ಆಯಾಗಳ ಹತ್ತಿರ ಕೂತುಕೊಳ್ಳಿ. ಅಲ್ಲಿ ಅವರನ್ನು ಮಾಶಿ ಎನ್ನುತ್ತಾರೆ. ಯಾವ ಕಂಪನಿಯ ಹಾಲಿನ ಪುಡಿ, ಡಬ್ಬದ ಮೇಲಿನ ಹಂತ 1ನೆಯದೋ 2ನೆಯದೋ, ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರ್, ಬಿಸಿ ಎಷ್ಟು, ಮಲಗಿಸುವಾಗ ತಟ್ಟುತ್ತಾರೋ ಹಾಗೇ ಬಿಡುತ್ತಾರೋ, ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚುತ್ತಾರೋ, ದೀಪ ಆರಿಸುತ್ತಾರೋ: ಎಲ್ಲ ಬರೆದುಕೊಳ್ಳಿ. ಎದುರಿಗೇ ಒಂದು ಬಾಟಲಿ ಕಲಸಿ ತೋರಿಸಲು ಹೇಳಿ.

ಸಾಮಾನ್ಯವಾಗಿ 30 ಮಿಲಿಲೀಟರ್ ನೀರಿಗೆ ಡಬ್ಬದೊಳಗಿನ ಚಮಚದಿಂದ ಒಂದು ಸಮ ಚಮಚ. ಡಬ್ಬದ ಮೇಲಿನ ಸೂಚನೆಯೇ ಅಂತಿಮ. ಮೊದಲು ನೀರು, ಆಮೇಲೆ ಪುಡಿ. ಪ್ರೀತಿಯಿಂದ ಚಮಚ ತುಂಬಿ ಹಾಕಿದರೆ ಮಲಬದ್ಧತೆ, ನಿರ್ಜಲೀಕರಣ. ನೀರು ಹೆಚ್ಚಾದರೆ ಹಸಿವು ತೀರದು, ತೂಕ ಇಳಿಯುತ್ತದೆ. ಕ್ಯಾನಿನ ನೀರನ್ನೂ ಕುದಿಸಿ, ಇಳಿಸಿದ ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಿ, ಮುಚ್ಚಳ ಹಾಕಿದ ಬಾಟಲಿಯ ಹೊರಮೈ ಮೇಲೆ ತಣ್ಣೀರು ಹರಿಸಿ ಆರಿಸಿ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಿ.

ಹೊಸ ಬಾಟಲಿಯ ಬಗ್ಗೆ ಒಂದು ಎಚ್ಚರಿಕೆ. ಹತ್ತಾರು ಮಕ್ಕಳಿಗೆ ಬೇಗ ಕುಡಿಸಬೇಕಾದ ಕಡೆ ನಿಪ್ಪಲ್‌ನ ತೂತು ದೊಡ್ಡದಾಗಿರುವುದುಂಟು. ಅದಕ್ಕೆ ಒಗ್ಗಿದ ಮಗು ನಿಮ್ಮ ಹೊಸ ನಿಪ್ಪಲ್ಲನ್ನು ನಾಲ್ಕು ಸಲ ಚೀಪಿ, ಹಾಲು ಬಾರದೆ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತದೆ. ಹಾಲು ಹಿಡಿಸಲಿಲ್ಲ ಎಂದು ಪುಡಿ ಬದಲಿಸಿದರೆ ಹೊಟ್ಟೆಯೂ ಕೆಡುತ್ತದೆ. ಸಂಸ್ಥೆಯಿಂದ ಬಳಸಿದ ಬಾಟಲಿ ಒಂದನ್ನು ಕೇಳಿ ಪಡೆಯಿರಿ, ಜತೆಗೆ ಒಗೆಯದ ಹೊದಿಕೆ ಒಂದನ್ನೂ. ನಿಮ್ಮ ಸಾಬೂನಿನಲ್ಲಿ ಅದನ್ನು ಒಗೆಯಬೇಡಿ. ಆ ವಾಸನೆಯಲ್ಲೇ ಮಗು ಮಲಗುವುದು.

ಪುಡಿ ಬದಲಿಸಲೇಬೇಕಾದರೆ ಶಿವಮೊಗ್ಗಕ್ಕೆ ಬಂದ ಮೇಲೆ, ವಾರವಿಡೀ ಸ್ವಲ್ಪ ಸ್ವಲ್ಪವಾಗಿ. ಗಟ್ಟಿ ಊಟವೂ ಅಲ್ಲಿಯದೇ ಇರಲಿ: ಮೆತ್ತಗೆ ಬೇಯಿಸಿದ ಅನ್ನ, ಮಸೂರ್ ಬೇಳೆ, ಹಿಸುಕಿದ ಆಲೂಗಡ್ಡೆ. ರಾಗಿಯನ್ನು ಊರಲ್ಲಿ ಒಂದು ಟೀ ಚಮಚದಿಂದ ಶುರುಮಾಡಿ ಮೂರು ದಿನ ಕಾದು ನೋಡಿ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ, ಅಜ್ಜಿ ಎಷ್ಟೇ ಹೇಳಲಿ.

ಔಷಧದ ಚೀಲದಲ್ಲಿ ಥರ್ಮಾಮೀಟರ್, ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪೊಟ್ಟಣ, ಪ್ಯಾರಸಿಟಮಾಲ್ ಸಾಕು. ಓಆರ್‌ಎಸ್ ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿಲೀಟರ್. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೂ 50ರಿಂದ 100 ಮಿಲಿಲೀಟರ್, ಚಮಚದಲ್ಲಿ. ಪ್ಯಾರಸಿಟಮಾಲ್ ಡ್ರಾಪ್ಸ್ ಸಿರಪ್‌ಗಿಂತ ಹಲವು ಪಟ್ಟು ಗಟ್ಟಿ. ಡ್ರಾಪ್ಸ್‌ನ 1 ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ ಇದ್ದರೆ, ಸಾಮಾನ್ಯ ಸಿರಪ್‌ನ 5 ಮಿಲಿಲೀಟರ್‌ನಲ್ಲಿ 120 ಅಥವಾ 125. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಅಪಾಯ. ಮಗುವಿನ ತೂಕ ಹೇಳಿ, ಯಾವುದು, ಎಷ್ಟು ಎಂದು ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ. ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ.

ಪ್ರಶ್ನೆ: ಮಗುವಿಗೆ ಮೂರು ವರ್ಷ, ಬಂಗಾಳಿ ಮಾತ್ರ ಬರುತ್ತದೆ. ನಮಗೆ ಹಿಂದಿಯೂ ಅಷ್ಟಕ್ಕಷ್ಟೇ. — ಕೊಪ್ಪ

ಹತ್ತು ಪದ ಸಾಕು. ಜೋಲ್ ಎಂದರೆ ನೀರು, ದುಧ್ ಹಾಲು, ಭಾತ್ ಅನ್ನ, ಘುಮ್ ನಿದ್ದೆ, ಹಿಶು ಮೂತ್ರ. ಏಶೋ ಎಂದರೆ ಬಾ, ಭೋಯ್ ನೇಯ್ ಎಂದರೆ ಹೆದರಿಕೆ ಇಲ್ಲ. ಖಿದೆ ಪೇಯೇಛೇ ಎಂದು ಹಸಿವು ಕೇಳಬಹುದು, ಕೋಥಾಯ್ ಬ್ಯಾಥಾ ಎಂದು ಎಲ್ಲಿ ನೋವು ಎಂದು. ಮಾಶಿಯ ಬಾಯಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾಗ ಕಲಿಯಿರಿ. ಅದರ ಬೆನ್ನಿಗೇ ಕನ್ನಡದ ಪದವನ್ನೂ ಸೇರಿಸಿ: ಜೋಲ್, ನೀರು. ಈಗಿರುವ ಹೆಸರಿನಿಂದಲೇ ಕರೆಯಿರಿ. ಹೊಸ ಹೆಸರಿಟ್ಟರೆ ಕೆಲ ತಿಂಗಳು ಎರಡನ್ನೂ ಜೋಡಿಸಿ. ಮಗು ಮೀನು, ಮೊಟ್ಟೆ ತಿಂದು ಬೆಳೆದಿರಬಹುದು. ನಿಮ್ಮ ಮನೆಯಲ್ಲಿ ಅದು ನಡೆಯದಿದ್ದರೆ ಬೇಳೆ, ಮೊಸರು ಹೆಚ್ಚಿಸಿ.

ಪ್ರಶ್ನೆ: ವಿಮಾನವೋ ರೈಲೋ? ಮಗುವಿನ ಟಿಕೆಟ್‌ಗೆ ಯಾವ ಹೆಸರು ಕೊಡಬೇಕು? — ತೀರ್ಥಹಳ್ಳಿ

ವಿಮಾನ. ಹೌರಾದಿಂದ ಬೆಂಗಳೂರಿಗೆ ರೈಲಿನಲ್ಲಿ ಹತ್ತಿರ ಹತ್ತಿರ ಒಂದೂವರೆ ದಿನ. ಈಗಷ್ಟೇ ಕೈಗೆ ಬಂದ ಮಗುವಿಗೂ ನಿಮಗೂ ಅದು ಹಿಂಸೆ. ರೈಲೇ ಆದರೆ ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ, ಕೆಳಗಿನ ಬರ್ತ್ ಹಿಡಿಯಿರಿ.

ಟಿಕೆಟ್‌ನಲ್ಲಿ ಸಂಸ್ಥೆಯ ಕಾಗದದಲ್ಲಿರುವ ಹೆಸರೇ ಇರಬೇಕು. ನೀವು ಇಡಲಿರುವ ಹೆಸರು ಹಾಕಿದರೆ ಕೌಂಟರ್‌ನಲ್ಲಿ ತೋರಿಸಲು ದಾಖಲೆಯೇ ಇರುವುದಿಲ್ಲ. ಎರಡು ವರ್ಷ ತುಂಬದ ಮಗುವಿಗೆ ತೊಡೆಯ ಮೇಲಿನ ಅಗ್ಗದ ಟಿಕೆಟ್ ಸಿಗಲು ವಯಸ್ಸಿನ ಪುರಾವೆ ಬೇಕು. ಜನನ ಪ್ರಮಾಣಪತ್ರ ಆಗ ಕೈಯಲ್ಲಿರುವುದಿಲ್ಲ, ಆದ್ದರಿಂದ ಹುಟ್ಟಿದ ತಾರೀಕಿರುವ ಮಗುವಿನ ಅಧ್ಯಯನ ವರದಿ, ಲಸಿಕೆ ಕಾರ್ಡು, ದತ್ತುಪೂರ್ವ ಪೋಷಣೆಯ ಕಾಗದ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪ್ರಯಾಣದ ಪತ್ರ, ಇವುಗಳ ಎರಡೆರಡು ಪ್ರತಿ ಹ್ಯಾಂಡ್‌ಬ್ಯಾಗ್‌ನಲ್ಲಿರಲಿ. ಯಾವುದು ನಡೆಯುತ್ತದೆ ಎಂದು ವಿಮಾನ ಕಂಪನಿಯಿಂದ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಏರುವಾಗ ಇಳಿಯುವಾಗ ಬಾಟಲಿ ಬಾಯಲ್ಲಿರಲಿ, ಕಿವಿ ಕಟ್ಟುವುದಿಲ್ಲ.

ಬೆಂಗಳೂರಿನಲ್ಲಿ ಒಂದು ರಾತ್ರಿ ತಂಗಿ. ಸೋಗಾನೆಯ (ಶಿವಮೊಗ್ಗ ನಿಲ್ದಾಣದ) ವಿಮಾನ ಮಳೆ, ಮಂಜಿನ ದಿನ ಕೈಕೊಡಬಹುದು, ಬದಲಿಗೆ ರೈಲು ನೋಡಿಟ್ಟುಕೊಳ್ಳಿ. ಶಿವಮೊಗ್ಗದಿಂದ ತೀರ್ಥಹಳ್ಳಿಯ ತಿರುವುಗಳಲ್ಲಿ ಕಾರು ಹತ್ತಿಯೇ ಗೊತ್ತಿಲ್ಲದ ಮಗು ವಾಂತಿ ಮಾಡುತ್ತದೆ: ಹೊರಡುವ ಒಂದು ಗಂಟೆ ಮೊದಲೇ ಹಾಲು ಮುಗಿಸಿ, ನಿಧಾನ ಹೊಡೆಸಿ, ಬದಲಿ ಬಟ್ಟೆ ಮಗುವಿಗೊಂದು, ಎತ್ತಿಕೊಂಡವರಿಗೂ ಒಂದು.

ಪ್ರಶ್ನೆ: ನೆಂಟರೆಲ್ಲ ಸ್ಟೇಷನ್ನಿಗೇ ಬರುತ್ತೇವೆ ಎನ್ನುತ್ತಿದ್ದಾರೆ. — ಶಿವಮೊಗ್ಗ

ಬೇಡ ಅನ್ನಿ. ಎರಡು ಮೂರು ವಾರ ಎತ್ತುವುದು, ಉಣಿಸುವುದು, ಮಲಗಿಸುವುದು ನೀವಿಬ್ಬರೇ ಮಾಡಿ. ಪಾಳಿಯ ಮೇಲೆ ಬದಲಾಗುವ ಕೈಗಳನ್ನು ಮಗು ಈಗಾಗಲೇ ಸಾಕಷ್ಟು ಕಂಡಿದೆ. ನಾಮಕರಣದ ಊಟ ಆಮೇಲೆ ಹಾಕಿಸಿದರಾಯಿತು.

ಪ್ರಶ್ನೆ: ಜನನ ಪ್ರಮಾಣಪತ್ರ, ಆಧಾರ್ ಯಾವಾಗ? ಮತ್ತೆ ಕೋರ್ಟಿಗೆ ಕೋಲ್ಕತ್ತಾಗೆ ಹೋಗಬೇಕೇ? — ಸೊರಬ

ಕೋರ್ಟಿಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟರು. ಸಂಸ್ಥೆ ಇರುವ ಜಿಲ್ಲೆಯಲ್ಲಿ ಅರ್ಜಿ ಹೋಗುತ್ತದೆ, ಎರಡು ತಿಂಗಳೊಳಗೆ ತೀರ್ಮಾನವಾಗಬೇಕು. ಕರೆ ಬಂದರೆ ಹೋಗಲು ಸಿದ್ಧರಿರಿ. ಆದೇಶದ ನಂತರ ನಿಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ, ಅದರ ಮೇಲೆ ಆಧಾರ್. ಆದೇಶ ಬಂದ ದಿನವೇ ಅದರಲ್ಲಿರುವ ಹೆಸರಿನ ಕಾಗುಣಿತವನ್ನು ಅಕ್ಷರ ಅಕ್ಷರ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ; ಮುಂದಿನ ಪ್ರತಿ ದಾಖಲೆಯೂ ಅದನ್ನೇ ನಕಲು ಮಾಡುತ್ತದೆ. ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅಧಿಕಾರಿಗಳು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಲಸಿಕೆ ಕಾರ್ಡು, ತೂಕದ ಪಟ್ಟಿ, ಒಂದೆರಡು ಫೋಟೊ ಒಂದೇ ಫೈಲಿನಲ್ಲಿಟ್ಟಿರಿ.