ಸಂಜೆಯಾದರೆ ಹಣೆನೋವು, ಕಣ್ಣುರಿ: ಕನ್ನಡಕ ಬದಲಿಸಬೇಕೇ?

ವಯಸ್ಸು 42, ದಿನವಿಡೀ ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ಕೆಲಸ, ಸಂಜೆ ನಾಲ್ಕಾದರೆ ಹುಬ್ಬಿನ ಮೇಲೆ ನೋವು, ಕಣ್ಣಲ್ಲಿ ಉರಿ, ನೀಲಿ ಬೆಳಕು ತಡೆಯುವ ಕನ್ನಡಕ ಕೊಂಡರೂ ಗುಣವಿಲ್ಲ, ಮುಂದೇನು ಎಂದು ಕೇಳಿದ್ದೀರಿ. ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಬರೆದುಕೊಡುವುದೇ ನನ್ನ ಕೆಲಸವಾದ್ದರಿಂದ ಉತ್ತರಿಸುತ್ತಿದ್ದೇನೆ.

ಆ ಕನ್ನಡಕದಿಂದ ಗುಣ ಕಾಣದಿರುವುದು ಸಹಜ. ಅಂಥ ಗಾಜು ಕಣ್ಣಿನ ದಣಿವನ್ನು ಕಡಿಮೆ ಮಾಡುತ್ತದೆ ಎನ್ನಲು ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆಗೂ ಸರಿಯಾದ ಆಧಾರ ಸಿಗಲಿಲ್ಲ. ಬಿಸಿಲಿನಲ್ಲಿರುವ ನೀಲಿ ಬೆಳಕಿನ ಮುಂದೆ ನಿಮ್ಮ ಪರದೆಯದು ಲೆಕ್ಕಕ್ಕೇ ಇಲ್ಲ. ಅಂಗಡಿಯಲ್ಲಿ ಕೇಳುವವರಿದ್ದಾರೆ, ಮಾರುತ್ತಾರೆ, ಅಷ್ಟೇ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ನೋವು ಬರುವ ಹೊತ್ತು ಮತ್ತು ನಿಮ್ಮ ವಯಸ್ಸು. ಬೆಳಗ್ಗೆ ಏಳುವಾಗಲೇ ಇರುವ ತಲೆನೋವಿಗೆ ಸಾಮಾನ್ಯವಾಗಿ ಕಣ್ಣು ಕಾರಣವಲ್ಲ. ತಲೆಯ ಒಂದೇ ಪಕ್ಕ ಬಡಿದುಕೊಂಡು, ವಾಕರಿಕೆ ತಂದು, ಬೆಳಕೇ ಬೇಡವೆನಿಸಿದರೆ ಮೈಗ್ರೇನ್ ಇರಬಹುದು. ಅದಕ್ಕೆ ಕನ್ನಡಕದ ಮೇಲೆ ಕನ್ನಡಕ ಬದಲಿಸಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಕೆಲಸದ ದಿನಗಳಲ್ಲಿ ಮಾತ್ರ ಬಂದು, ಹೊತ್ತು ಕಳೆದಂತೆ ಹೆಚ್ಚಾಗಿ, ಭಾನುವಾರ ಸುಳಿವೇ ಇರದಿದ್ದರೆ ಕಣ್ಣಿನ ಮೇಲೆ ಅನುಮಾನಪಡಬೇಕು.

ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಪುಟ್ಟ ಸ್ನಾಯುವೊಂದು ಬಿಗಿದುಕೊಂಡು ಮಸೂರ ಉಬ್ಬುತ್ತದೆ. ನಲವತ್ತರ ಆಸುಪಾಸಿನಲ್ಲಿ ಮಸೂರ ಗಡುಸಾಗಿ, ಉಬ್ಬಲು ಮೊಂಡು ಹಿಡಿಯುತ್ತದೆ. ಬೆಳಗ್ಗೆ ಹೇಗೋ ನಿಭಾಯಿಸಿದ ಕಣ್ಣು ಸಂಜೆಗೆ ಸೋಲುತ್ತದೆ. ಈ ವಯಸ್ಸಿನವರು ಪರೀಕ್ಷೆಗೆ ಬಂದಾಗ ‘ನನಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ’ ಎನ್ನುತ್ತಲೇ ಕೂರುತ್ತಾರೆ. ಸಣ್ಣಕ್ಷರದ ಕಾರ್ಡು ಕೊಟ್ಟರೆ ಮೊದಲ ಸಾಲುಗಳು ಸರಾಗ. ಆಮೇಲೆ ಕೈ ತಾನಾಗಿಯೇ ಮುಂದಕ್ಕೆ ಚಾಚಿಕೊಳ್ಳುತ್ತದೆ, ಹುಬ್ಬು ಗಂಟಾಗುತ್ತದೆ. ಹತ್ತಿರದ ನೋಟಕ್ಕೆ ನೆರವಾಗುವ ಪ್ಲಸ್ ಒಂದು ನಂಬರಿನ ಗಾಜು ಹಿಡಿದರೆ ಆ ಗಂಟು ಸಡಿಲವಾಗುತ್ತದೆ. ಚಾಳೀಸು, ಅಂದರೆ ಓದುವ ಕನ್ನಡಕ, ಬಂತೆಂದರೆ ಮುದುಕರಾದಂತೆ ಎಂದು ಅದನ್ನು ಮುಂದೂಡಿ ನೋವಿನ ಮಾತ್ರೆ ನುಂಗುವುದು ಯಾವ ಜಾಣತನವೋ! ತಿಂಗಳಿಗೆ 15 ದಿನ, ಅದಕ್ಕೂ ಹೆಚ್ಚು ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು.

ಇನ್ನೊಂದು ಮಾತು: ದೂರಕ್ಕೂ ಹತ್ತಿರಕ್ಕೂ ಒಂದೇ ಆಗಿರುವ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಗಾಜಿನಲ್ಲಿ ಓದುವ ನಂಬರು ಕೆಳಗಿರುತ್ತದೆ. ಅದರಲ್ಲಿ ಪರದೆ ನೋಡಲು ದಿನವಿಡೀ ಗದ್ದ ಎತ್ತಿ ಕುಳಿತರೆ ಹಣೆಯ ನೋವು ಕತ್ತಿಗಿಳಿಯುತ್ತದೆ. ಎಂಟು ಗಂಟೆ ಪರದೆಯ ಮುಂದಿರುವವರು ಆ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿಕೊಳ್ಳುವುದು ಒಳ್ಳೆಯದು.

ಉರಿಗೆ ಕಾರಣ ಬೇರೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗಿ, ಕಣ್ಣೀರಿನ ಪದರ ಆರಿಹೋಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ; ಕೆಳನೋಟದಲ್ಲಿ ರೆಪ್ಪೆ ಅರ್ಧ ಮುಚ್ಚಿಕೊಂಡು ತೇವ ಉಳಿಯುತ್ತದೆ. ಫ್ಯಾನಿನ ಗಾಳಿ ಮುಖಕ್ಕೆ ಬಡಿಯದಿರಲಿ. 20 ನಿಮಿಷಕ್ಕೊಮ್ಮೆ ಆರು ಮೀಟರ್ ಆಚೆಗಿನದನ್ನು 20 ಸೆಕೆಂಡು ನೋಡಿ. ಕೃತಕ ಕಣ್ಣೀರಿನ ಹನಿ ಹಾಕಿಕೊಳ್ಳಬಹುದು. ಆದರೆ ಔಷಧದಂಗಡಿಯವರು ತಾವಾಗಿ ಕೊಡುವ ಸ್ಟೀರಾಯ್ಡ್ ಹನಿ ಮಾತ್ರ ಬೇಡ. ಅದು ಕಣ್ಣೊಳಗಿನ ಒತ್ತಡ ಏರಿಸಿ, ದೃಷ್ಟಿನರಕ್ಕೆ ಹಾನಿ ಮಾಡುವ ಗ್ಲಾಕೋಮಾ ತರಬಹುದು.

ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಇದ್ದಕ್ಕಿದ್ದಂತೆ ಒಂದು ಎರಡಾಗಿ ಕಂಡರೆ, ಅಥವಾ ಹಿಂದೆಂದೂ ಇರದಂಥ ತಲೆನೋವು ಒಮ್ಮೆಗೇ ಹೊಡೆದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಉಳಿದಂತೆ ಪರೀಕ್ಷೆಗೆ ರಜೆಯ ಬೆಳಗ್ಗೆ ಹೋಗದೆ, ಕೆಲಸ ಮುಗಿಸಿ ಸಂಜೆಯೇ ಹೋಗಿ. ನಿಮ್ಮ ಕಣ್ಣಿಗೂ ಪರದೆಗೂ ಎಷ್ಟು ಸೆಂಟಿಮೀಟರ್ ಅಂತರವಿದೆ ಎಂದು ಟೇಪಿನಲ್ಲಿ ಅಳೆದುಕೊಂಡು ಹೋಗಿ, ಪರೀಕ್ಷಿಸುವವರು ಕೇಳದಿದ್ದರೂ ಹೇಳಿ.